ಡೆಲಿವರಿ ತಾರೀಖು

ಅಳತಿ ಬುಕ್ಕಿನ್ಯಾಗ, ಮಶಾಕ್ ಸಾಬರ ಸೊಸಿ ಜಂಪರಿನ ಕೆಳಗ
ರೇವಡಿ ಹೆಸರು ಬರದೀನಿ.
ಎದಿ ಇಪ್ಪತ್ತಾರು. ಹೊಟ್ಟಿ ಇಪ್ಪತ್ತೊಂಬತ್ತೂವರಿ.
ತೋಳು ಇಲ್ಲ. ಕುತ್ತಿಗಿ ಹಿಡೀಲಕ ಕೊಡಲಿಲ್ಲ.

ದಿನಾ ಸಂಜಿಗಿ ಟೇಪ್ ಸುತ್ತತೀನಿ.
ಅರ್ಧ ಇಂಚು ಬೆಳದಿದ್ರ
ಪೆನ್ಸಿಲ್ ಕಿವ್ಯಾಗ ಸಿಗಿಸಿ ನಗತೀನಿ.
ಮೂವತ್ತು ವರ್ಷ ಈ ಟೇಪ್ ಹಿಡದೀನಿ.
ಹೆಚ್ಚಾಗ್ಯಾದ ಅಂದ್ರ ಮಾರಿ ಸಣ್ಣ ಮಾಡದ ಗಿರಾಕಿ
ಇಕಿ ಒಬ್ಬಾಕಿನೇ.

ಡಾಕ್ಟರ್ ಫೋನಿನ್ಯಾಗ ಹೇಳ್ಯಾರ: ಅರವತ್ಮೂರು ದಿನ.
ಗಂಟು ಬಿದ್ದ ದಿನ ನನಗ ನೆನಪದ,
ಶಹಾಬಾದ ಸ್ಟೇಷನ್ ಮಗ್ಗಲ, ಫರಸಿ ಲಾರಿ ಕೆಳಗ.
ಕ್ಲೀನರ್ ಹುಡುಗ ಕಲ್ಲು ಎತ್ತಿದ್ದ, ನಾ ಬೈದಿದ್ದೆ.
ಕ್ಯಾಲೆಂಡರ್ ಎಣಿಸಿ, ರಸೀದಿ ಹರದು
ಆಕಿ ಡಬ್ಬಿಗಿ ಅಂಟಿಸಿದೆ:
ಡೆಲಿವರಿ, ಮಂಗಳವಾರ.

ಊರಾಗ ಎಲ್ಲರಿಗೂ ಗೊತ್ತದ,
ಗೋದಾಬಾಯಿ ಮಂಗಳವಾರ ಅಂದ್ರ ಶುಕ್ರವಾರ.

ಟಿವಿ ಬಂದ ರಟ್ಟಿನ ಡಬ್ಬಿ, ಒಳಗ ಹಳಿ ಕೌದಿ, ಅಸ್ತರಿನ ಚೂರು.
ಮೂಸಿ ಸಹ ನೋಡಲಿಲ್ಲ.
ಕಟಿಂಗ್ ಟೇಬಲ್ ಕೆಳಗ ಹೋಗಿ ಫರಸಿ ಕೆರೀಲತ್ತಾಳ.
ಶಹಾಬಾದ ಕಲ್ಲು, ಸುತ್ತಿಗಿಗೇ ಸೀದಾ ಬಗ್ಗಂಗಿಲ್ಲ,
ಉಗುರಿಗಿ ಏನು ಬಗ್ಗೀತು.
ಆದರೂ ರಾತ್ರಿ ಪೂರಾ ಕೆರೀತಾಳ,
ಕೆಳಗ ಎಲ್ಲೋ ಮಣ್ಣು ಅದ ಅಂತ ಆಕಿಗಿ ಖಾತ್ರಿ ಇದ್ದಂಗ.

‘ಹಿಂಗ ದಿಟ್ಟಿಸಿ ಕುಂತ್ರ ಯಾರೂ ಹಡ್ಯಂಗಿಲ್ಲ,
ನಿನಗೇನು ತಿಳೀತದ, ನೀ ಎಲ್ಲಿ ಹಡದೀದಿ’
ಅಂದಳು ಮೈಮುನಬಿ.
ಅಂದು, ಅಂದದ್ದಕ್ಕ ತಾನೇ ಸಣ್ಣಾಗಿ,
ಕಪ್ಪು ತೊಳೀಲಕ ಎದ್ದು ಹೋದಳು.

ದಿನಕ್ಕ ಮೂರು ಸಲ ಥರ್ಮಾಮೀಟರ್, ಬಾಲ ಎತ್ತಿ.
ನಾಚಿಕಿ ಆಕಿಗಲ್ಲ, ನನಗ.
ನೂರಾಒಂದು. ನೂರಾಒಂದು. ನೂರು ಪಾಯಿಂಟ್ ಆರು.
ಮಂಗಳವಾರ ಬಂತು, ಹೋಯಿತು.
ಬುಧವಾರ ಭಂಕೂರಿನ ಮದುವಿಯವರು ಬಂದು
ಹನ್ನೆರಡು ಜಂಪರ್ ಎಲ್ಲಿ ಅಂದ್ರು.
ನಾಯಿ ತೋರಿಸಿದೆ.

ಗುರುವಾರ.
ಟಾರ್ ರಸ್ತೆ ಚಪ್ಪಲಿ ಹಿಡೀಲತ್ತದ,
ತಗಡು ಕಟಕಟ ಅನ್ಲತ್ತದ,
ಇಡೀ ಓಣಿ ಒಲಿ ಮ್ಯಾಲಿನ ಹಂಚು.
ಇಕಿ ಒಬ್ಬಾಕಿ ಇಳದಾಳ: ತೊಂಬತ್ತೆಂಟು ಪಾಯಿಂಟ್ ನಾಲ್ಕು.
ಇಷ್ಟು ಕಾವಿನ್ಯಾಗ ಈ ತಂಪು ಎಲ್ಲಿಂದ ತಂದಾಳ?
ರೊಟ್ಟಿ ಮುಟ್ಟಲಿಲ್ಲ. ಹಾಲೂ ಬ್ಯಾಡ.
ರಾತ್ರಿ ಹನ್ನೊಂದಕ್ಕ ನಡುಗಲಕ ಹತ್ತಿದಳು,
ನನ್ನ ಕಡಿ ನೋಡಿದಳು,
ಎದ್ದು ಗ್ವಾಡಿ ಕಡಿ ತಿರುಗಿದಳು.

ತಿಳೀತು.
ಆಕಿಗಿ ಬೆನ್ನು ಕೊಟ್ಟು ಮಷಿನಿಗಿ ಕುಂತೆ,
ಭಂಕೂರಿನ ಗುಲಾಬಿ ಜಂಪರ್ ಹಿಡಕೊಂಡು.
ಕತ್ತರಿ ಕುದಿಸಿ ಇಟ್ಟಿದ್ದೆ, ದಾರನೂ.
ಎರಡೂ ಬೇಕಾಗಲಿಲ್ಲ, ಹಲ್ಲಿಲೆ ಕಡಿಯೂದು ಕೇಳಿಸ್ತು.
ಒಂದು ತೋಳು ಮುಗಿಯೂದ್ರಾಗ ಒಂದು ಸಣ್ಣ ಚೀರು.
ಹುಕ್ಕು ಹಚ್ಚೂದ್ರಾಗ ಇನ್ನೊಂದು.
ಪೆಡಲ್ ನಿಂತಾಗೆಲ್ಲ ನನ್ನ ಕಿವಿ ಹಿಂದಕ.
ಹಂಗ, ತಿರುಗದೇ, ಎಣಿಸಿದೆ ನಾಲ್ಕು.

ಐದನೇದ್ದು ಚೀರಲಿಲ್ಲ.

ಆಗ ತಿರುಗಿದೆ.
ನೆಕ್ಕಿದಳು, ನೆಕ್ಕಿದಳು, ಆಮ್ಯಾಲ ಮೂಗಿಲೆ
ನನ್ನ ಕಡಿ ಸರಿಸಿದಳು,
ಕೈಯಾಗಿನ ಕೆಲಸ ಇನ್ನೊಬ್ಬ ದರ್ಜಿಗಿ ದಾಟಿಸಿದಂಗ.
ಸಿಕ್ಕ ಅಸ್ತರಿನ್ಯಾಗ ಹಿಡದೆ, ತಲಿ ಕೆಳಗ ಮಾಡಿ
ಮೂಗು ಒರಸಿದೆ, ತಿಕ್ಕಿದೆ, ತಿಕ್ಕಿದೆ,
ಹಸಿ ಬಟ್ಟಿಯ ಗುಲಾಬಿ ಬಣ್ಣ ಮೊಣಕೈ ತನಕ ಹತ್ತಿತು.
ಅದು ಬಾಯಿ ತೆರೀತು.
ದನಿ ಬೈದಂಗ ಇತ್ತು.

ನಸುಕಿನ್ಯಾಗ ಮೈಮುನಬಿ ಬಂದು ಬೊಗ್ಗಿ ಎಣಿಸಿದಳು.
ಏನೂ ಅನ್ನಲಿಲ್ಲ.
ಎರಡು ಬಟ್ಟಲು ಗಂಜಿ ತಂದಿದ್ದಳು,
ಒಂದು ಆಕಿ ಮುಂದ ಇಟ್ಟಳು, ಒಂದು ನನ್ನ ಮುಂದ.

ಸಂಜಿಗಿ ಕೈ ತಾನೇ ಟೇಪ್ ತಗೊಂತು, ಚಟ.
ಹೊಟ್ಟಿ ಇಪ್ಪತ್ನಾಲ್ಕು.
ರಸೀದಿ ಮ್ಯಾಲ ಮಂಗಳವಾರ ಹೊಡದು
ಶುಕ್ರವಾರ ಅಂತ ಬರದೆ, ಕೆಳಗ ‘ಮುಟ್ಟಿತು’.
ಬಾಕಿ: ಭಂಕೂರ, ಹನ್ನೊಂದು ಜಂಪರು.